ಹಳೆಯ ಎಂಜಿನ್ನಿಗೆ ಯಾವ ಕೋಡ್ ರೀಡರ್?

ಚಳಿಗಾಲ ಬಂತೆಂದರೆ ಅಮೆರಿಕದ ಅರಿಜೋನಾ ರಾಜ್ಯದ ಕ್ವಾರ್ಟ್ಸೈಟ್ ಎಂಬ ಪುಟ್ಟ ಊರಿನ ಸುತ್ತಲಿನ ಮರುಭೂಮಿ ಜಾತ್ರೆಯ ಬಯಲಿನಂತಾಗುತ್ತದೆ. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದ ನಿವೃತ್ತ ದಂಪತಿಗಳು ಅಲ್ಲಿ ತಮ್ಮ ಮೋಟರ್‌ಹೋಮ್‌ಗಳನ್ನು ಸಾಲಾಗಿ ನಿಲ್ಲಿಸಿಕೊಂಡು ವಾರಗಟ್ಟಲೆ ಬಿಡಾರ ಹೂಡುತ್ತಾರೆ. ಮೋಟರ್‌ಹೋಮ್ ಎಂದರೆ ಲಾರಿಯ ಬೆನ್ನ ಮೇಲೆ ಕಟ್ಟಿದ ಮನೆ. ಮುಂದೆ ಚಾಲಕನ ಸೀಟು, ಹಿಂದೆ ಹಾಸಿಗೆ, ಒಲೆ, ಬಚ್ಚಲು. ಹೊಸದಕ್ಕೆ ಹಣ ಸಾಲದವರು ಇಪ್ಪತ್ತೈದು, ಮೂವತ್ತು ವರ್ಷ ಹಳೆಯದನ್ನು ಕೊಳ್ಳುತ್ತಾರೆ.

ಅಂಥದೊಂದು ಹಳೆಯ ಬಂಡಿ ಘಟ್ಟದ ಏರು ಹತ್ತುವಾಗ ಸ್ಟೀರಿಂಗಿನ ಮುಂದೆ ‘ಚೆಕ್ ಎಂಜಿನ್’ ಎಂಬ ದೀಪ ಹೊತ್ತಿಕೊಂಡಿತೆನ್ನಿ. ಕಾರಾಗಿದ್ದರೆ ಗ್ಯಾರೇಜಿಗೆ ಬಿಟ್ಟು ಮನೆಗೆ ಹೋಗಬಹುದಿತ್ತು. ಇಲ್ಲಿ ಗ್ಯಾರೇಜಿಗೆ ಹೋಗುವುದೇ ಮನೆ! ಅದನ್ನು ಎಳೆದೊಯ್ಯಲು ದೊಡ್ಡ ಲಾರಿ ಬೇಕು, ಆಮೇಲೆ ಮೆಕ್ಯಾನಿಕ್‌ನ ಗಂಟೆ ಲೆಕ್ಕದ ಕೂಲಿ, ಅದು ಮುಗಿಯುವತನಕ ಹೋಟೆಲಿನ ಖರ್ಚು. ಆದ್ದರಿಂದಲೇ ಇಂಥ ಬಂಡಿಯ ಒಡೆಯರು ಕೋಡ್ ರೀಡರ್ ಎಂಬ ಅಂಗೈಯಗಲದ ಉಪಕರಣವನ್ನು ಜೊತೆಗಿಟ್ಟುಕೊಳ್ಳಲು ಬಯಸುತ್ತಾರೆ. ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಖ್ಯೆಯನ್ನು ಓದಿ ಹೇಳುವುದು ಅದರ ಕೆಲಸ. ಇಪ್ಪತ್ತು ಡಾಲರಿನ ಆಸುಪಾಸಿಗೂ ಸಿಗುತ್ತದೆ, ನೂರಾರು ಡಾಲರಿಗೂ ಸಿಗುತ್ತದೆ. ಆದರೆ ಹಳೆಯ ಬಂಡಿಯ ಮಟ್ಟಿಗೆ ಬೆಲೆ ಮೊದಲ ಪ್ರಶ್ನೆಯಲ್ಲ. ಆ ಎಂಜಿನ್ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂಬುದೇ ಮೊದಲ ಪ್ರಶ್ನೆ.

ಈ ದೀಪದ ಬೇರು ಇರುವುದು ಲಾಸ್ ಏಂಜಲೀಸ್ ನಗರದ ಹೊಗೆಯಲ್ಲಿ. ಕಣ್ಣುರಿಸುವ ಆ ಹೊಗೆಮಂಜಿಗೆ ವಾಹನಗಳ ಹೊಗೆಯೂ ಬಿಸಿಲೂ ಸೇರಿ ಕಾರಣವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿಗೆ ಮೊದಲ ಅಧ್ಯಕ್ಷರಾದವರೂ ಅವರೇ. ಹೊಗೆ ಹೆಚ್ಚಿಸುವ ದೋಷವನ್ನು ವಾಹನವೇ ಕಂಡುಹಿಡಿದು ಚಾಲಕನಿಗೆ ತಿಳಿಸಬೇಕು ಎಂಬ ನಿಯಮವನ್ನು ಅದೇ ಮಂಡಳಿ 1988ರ ಮಾದರಿಗಳಿಂದ ಜಾರಿಗೆ ತಂದಿತು. ಇದಕ್ಕೆ ‘ಆನ್ ಬೋರ್ಡ್ ಡಯಾಗ್ನಾಸ್ಟಿಕ್ಸ್’, ಚಿಕ್ಕದಾಗಿ ಒಬಿಡಿ ಎಂದು ಹೆಸರು. ಮೊದಲ ಪೀಳಿಗೆಯಲ್ಲಿ ಒಂದು ಎಡವಟ್ಟಿತ್ತು. ದೋಷ ಹೇಳಬೇಕು ಎಂದು ನಿಯಮವಿತ್ತೇ ಹೊರತು ಎಲ್ಲರೂ ಒಂದೇ ರೀತಿ ಹೇಳಬೇಕು ಎಂದಿರಲಿಲ್ಲ. ಫೋರ್ಡ್ ಒಂದು ಬಗೆಯ ಸಾಕೆಟ್ ಇಟ್ಟಿತು, ಜನರಲ್ ಮೋಟರ್ಸ್ ಇನ್ನೊಂದು, ಕ್ರೈಸ್ಲರ್ ಮತ್ತೊಂದು. 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರು ಮತ್ತು ಹಗುರ ಟ್ರಕ್ಕುಗಳಿಗೆ ಎರಡನೆಯ ಪೀಳಿಗೆಯ ಒಬಿಡಿ ಕಡ್ಡಾಯವಾದಾಗ ಹದಿನಾರು ಪಿನ್ನಿನ ಒಂದೇ ಸಾಕೆಟ್, ಮುಖ್ಯ ದೋಷಗಳಿಗೆ ಒಂದೇ ಸಂಖ್ಯೆ ಬಂದವು. ಪಿ0301 ಎಂದರೆ ಒಂದನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಅರಿಜೋನಾದಲ್ಲೂ ಅಷ್ಟೇ, ಹುಬ್ಬಳ್ಳಿಯ ಗ್ಯಾರೇಜಿನಲ್ಲೂ ಅಷ್ಟೇ.

ಹಾಗಾದರೆ 1996ರ ಗೆರೆ ಎಳೆದು ಈಚಿನದಕ್ಕೆ ಹೊಸ ರೀಡರ್, ಆಚಿನದಕ್ಕೆ ಹಳೆಯದು ಎಂದರೆ ಮುಗಿಯಿತಲ್ಲ? ಕಾರಿನ ಮಟ್ಟಿಗೆ ಬಹುಪಾಲು ಹೌದು. ಮೋಟರ್‌ಹೋಮ್ ಕೊಂಡವರು ಎಡವುವುದು ಇಲ್ಲಿಯೇ. ಮೊದಲನೆಯದಾಗಿ ತೂಕ. ಆ ರಾಷ್ಟ್ರೀಯ ನಿಯಮ ಅನ್ವಯಿಸಿದ್ದು ಹೊರೆಸಹಿತ 8,500 ಪೌಂಡ್, ಅಂದರೆ ಸುಮಾರು 3,850 ಕಿಲೋ ಒಳಗಿನ ವಾಹನಗಳಿಗೆ. ಮೋಟರ್‌ಹೋಮ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಭಾರ. ಅವುಗಳ ಸರದಿ ಮುಂದಿನ ದಶಕದಲ್ಲಿ ಹಂತಹಂತವಾಗಿ ಬಂತು. ಕ್ಯಾಲಿಫೋರ್ನಿಯ ಮಾತ್ರ 14,000 ಪೌಂಡಿನವರೆಗಿನವಕ್ಕೂ ಮೊದಲೇ ಕಟ್ಟಳೆ ವಿಧಿಸಿತ್ತು. ಹೀಗಾಗಿ 1996ರ ಹೊತ್ತಿನಲ್ಲಿ ಒಂದೇ ಎಂಜಿನ್ ಒಂದು ರಾಜ್ಯಕ್ಕೆ ಹೊಸ ಭಾಷೆಯಲ್ಲಿ, ಇನ್ನೊಂದಕ್ಕೆ ಹಳೆಯ ಭಾಷೆಯಲ್ಲಿ ಹೋದದ್ದುಂಟು.

ಎರಡನೆಯದು ಹುಟ್ಟಿದ ವರ್ಷ. ಮನೆ ಕಟ್ಟುವವರು ಬೇರೆ, ಕೆಳಗಿನ ಬಂಡಿ ಮಾಡುವವರು ಬೇರೆ. ಐಯೊವಾ ರಾಜ್ಯದ ವಿನ್ನೆಬಾಗೊ ಕಂಪನಿ ಆ ಕಾಲದಲ್ಲಿ ಫೋರ್ಡ್‌ನಿಂದಲೋ ಷೆವರ್ಲೆಯಿಂದಲೋ ಎಂಜಿನ್‌ಸಹಿತ ಚಾಸಿ ತರಿಸಿ ಅದರ ಮೇಲೆ ಮನೆ ಕೂರಿಸುತ್ತಿತ್ತು. ಚಾಸಿ ಅಂಗಳದಲ್ಲಿ ಕೆಲವು ತಿಂಗಳು ಕಾದು ನಿಂತರೆ ಮನೆಯ ಕಾಗದದಲ್ಲಿ 1996 ಇದ್ದರೂ ಎಂಜಿನ್ 1995ರದಾಗಿರುತ್ತದೆ. ಜಾತಕಕ್ಕೆ ಜನ್ಮದಿನವೇ ಬೇಕು, ಗೃಹಪ್ರವೇಶದ ದಿನ ನಡೆಯದು! ಅದನ್ನು ತಿಳಿಯುವುದು ಕಷ್ಟವೇನಲ್ಲ. ಚಾಸಿಗೆ ಕೊಟ್ಟ ಹದಿನೇಳು ಅಕ್ಷರಗಳ ಗುರುತಿನ ಸಂಖ್ಯೆಯಲ್ಲಿ ಹತ್ತನೆಯದು ಮಾದರಿ ವರ್ಷ. ಆರ್ ಎಂದರೆ 1994, ಎಸ್ 1995, ಟಿ 1996, ವಿ 1997. ಬಾನೆಟ್ಟಿನ ಕೆಳಗೆ ಹೊಗೆ ನಿಯಂತ್ರಣದ ಚೀಟಿಯೊಂದು ಅಂಟಿಸಿರುತ್ತದೆ. ಒಬಿಡಿಯ ಎರಡನೆಯ ಪೀಳಿಗೆಗೆ ಸೇರಿದ್ದರೆ ಅದರಲ್ಲಿ ಹಾಗೆಂದು ಅಚ್ಚಾಗಿರುತ್ತದೆ. ಹಣ ಬಿಚ್ಚುವ ಮೊದಲು ಓದಬೇಕಾದದ್ದು ಇವೆರಡನ್ನು. ಸಾಕೆಟ್ಟಿನ ಆಕಾರವೊಂದನ್ನೇ ನಂಬುವಂತಿಲ್ಲ. ಜನರಲ್ ಮೋಟರ್ಸ್‌ನ 1994-95ರ ಕೆಲವು ವಾಹನಗಳಲ್ಲಿ ಹದಿನಾರು ಪಿನ್ನಿನ ಹೊಸ ಸಾಕೆಟ್ ಇದ್ದರೂ ಒಳಗಿನ ಮಾತು ಹಳೆಯದೇ.

ಮೊದಲ ಪೀಳಿಗೆಯದೆಂದು ಖಚಿತವಾದರೆ ಬೇಸರಪಡಬೇಕಿಲ್ಲ. ರೀಡರ್ ಇಲ್ಲದೆಯೂ ಅದು ಮಾತಾಡುತ್ತದೆ! ಷೆವರ್ಲೆ ಚಾಸಿಯ ಹನ್ನೆರಡು ಪಿನ್ನಿನ ಸಾಕೆಟ್ಟಿನಲ್ಲಿ ಎ ಮತ್ತು ಬಿ ಎಂಬ ತೂತುಗಳಿಗೆ ತಂತಿಯ ತುಂಡೊಂದನ್ನು ಸೇರಿಸಿ, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದರೆ ಚೆಕ್ ಎಂಜಿನ್ ದೀಪ ಮಿಣುಕತೊಡಗುತ್ತದೆ. ಒಂದು ಮಿಣುಕು, ಬಿಡುವು, ಮತ್ತೆ ಎರಡು ಮಿಣುಕು ಎಂದರೆ 12. ‘ಎಂಜಿನ್ ತಿರುಗುತ್ತಿಲ್ಲ, ನನ್ನ ಬುದ್ಧಿ ಸರಿಯಿದೆ’ ಎಂದು ಕಂಪ್ಯೂಟರ್ ಹೇಳುವ ರೀತಿ ಅದು. ಮೂರು ಸಲ 12 ಬಂದ ಮೇಲೆ ನಿಜವಾದ ದೋಷಗಳ ಸರದಿ. ಹದಿಮೂರಾದರೆ ಆಮ್ಲಜನಕದ ಸೆನ್ಸರ್, ಹದಿನಾಲ್ಕು ಹದಿನೈದಾದರೆ ನೀರಿನ ಉಷ್ಣತೆಯ ಸೆನ್ಸರ್. ಹಳೆಯ ಫೋರ್ಡ್‌ನಲ್ಲೂ ಬೇರೊಂದು ಸಾಕೆಟ್ಟಿನಲ್ಲಿ ಇಂಥದೇ ಉಪಾಯವಿದೆ. ದೋಷವಿಲ್ಲದಿದ್ದರೆ ಅದು 11 ಎನ್ನುತ್ತದೆ, ತುಸು ಈಚಿನದಾದರೆ 111. ಕ್ರೈಸ್ಲರ್‌ಗೆ ತಂತಿಯೂ ಬೇಡ. ಐದು ಸೆಕೆಂಡಿನೊಳಗೆ ಕೀಯನ್ನು ಆನ್, ಆಫ್, ಆನ್, ಆಫ್, ಆನ್ ಮಾಡಿದರೆ ಸಾಕು. ಎಣಿಸುವ ತಾಳ್ಮೆ ಇಲ್ಲದವರು ಆಯಾ ಕಂಪನಿಗೆಂದೇ ಮಾಡಿದ ಹಳೆಯ ಬಗೆಯ ರೀಡರ್ ಕೊಳ್ಳಬಹುದು. ‘ಎಲ್ಲ ವಾಹನಗಳಿಗೂ’ ಎಂದು ಡಬ್ಬಿಯ ಮೇಲೆ ಬರೆದದ್ದು ಇಲ್ಲಿ ಬಹುತೇಕ ನಿಷ್ಪ್ರಯೋಜಕ. ಬಿಡಿಭಾಗದ ಅಂಗಡಿಗಳು ಪುಕ್ಕಟೆ ಓದಿಕೊಡುವುದೂ ಸಾಮಾನ್ಯವಾಗಿ ಹೊಸ ಪೀಳಿಗೆಯದನ್ನು ಮಾತ್ರ.

ಎರಡನೆಯ ಪೀಳಿಗೆಯೊಳಗೂ ಉಪಭಾಷೆಗಳಿವೆ. ಟಾರ್ಚ್ ಹಿಡಿದು ಸಾಕೆಟ್ ನೋಡಿದರೆ ಹದಿನಾರು ತೂತುಗಳಲ್ಲಿ ಕೆಲವಕ್ಕೆ ಮಾತ್ರ ಲೋಹದ ನಾಲಗೆ ಇರುವುದು ಕಾಣುತ್ತದೆ. ಎರಡು ಮತ್ತು ಹತ್ತರಲ್ಲಿ ಇದ್ದರೆ ಅದು ಆ ಕಾಲದ ಫೋರ್ಡ್‌ನ ಶೈಲಿ. ಎರಡರಲ್ಲಿದ್ದು ಹತ್ತರಲ್ಲಿ ಇಲ್ಲದಿದ್ದರೆ ಜನರಲ್ ಮೋಟರ್ಸ್‌ನದು. ಆರು ಮತ್ತು ಹದಿನಾಲ್ಕು ಈಚಿನ ‘ಕ್ಯಾನ್’ ಪದ್ಧತಿಯವು, ಅಮೆರಿಕದಲ್ಲಿ 2008ರ ಮಾದರಿಯಿಂದ ಕಾರುಗಳಿಗೆ ಕಡ್ಡಾಯವಾದದ್ದು. ಫೋನಿಗೆ ಮಾಹಿತಿ ಕಳಿಸುವ ಅಗ್ಗದ ನಕಲಿ ಅಡಾಪ್ಟರುಗಳಲ್ಲಿ ಕೆಲವು ಹೊಸ ಕ್ಯಾನ್ ಭಾಷೆಯನ್ನು ಬಲ್ಲವು, ಫೋರ್ಡ್‌ನ ಹಳೆಯ ಭಾಷೆಯ ಮುಂದೆ ಮೂಕವಾಗುತ್ತವೆ. ಫೋರ್ಡ್ ಚಾಸಿಯ ಹಳೆಯ ಮೋಟರ್‌ಹೋಮ್‌ಗಳು ಬಹಳವಾದ್ದರಿಂದ ಈ ಪೆಟ್ಟು ತಿನ್ನುವವರೂ ಇದ್ದಾರೆ. ಇನ್ನು ಡೀಸೆಲ್‌ನದು ಬೇರೆಯೇ ಜಗತ್ತು. 1990ರ ದಶಕದ ಹನ್ನೆರಡು ವಾಲ್ವಿನ ಕಮಿನ್ಸ್ ಎಂಜಿನ್ ಪೂರ್ತಿ ಯಾಂತ್ರಿಕವಾದದ್ದು, ಓದಲು ಅದರಲ್ಲಿ ಕೋಡೇ ಇಲ್ಲ. ನಂತರದ ದೊಡ್ಡ ಡೀಸೆಲ್ ಬಂಡಿಗಳಿಗೆ ಲಾರಿಗಳಂತೆ ಆರು ಅಥವಾ ಒಂಬತ್ತು ಪಿನ್ನಿನ ದುಂಡು ಸಾಕೆಟ್. ಕಾರಿನ ರೀಡರನ್ನು ಅದಕ್ಕೆ ಸಿಕ್ಕಿಸುವುದೂ ಸಾಧ್ಯವಿಲ್ಲ.

ಸರಿಯಾದ ರೀಡರ್ ಸಿಕ್ಕಿತು, ಸಂಖ್ಯೆಯೂ ಬಂತು ಎನ್ನೋಣ. ಹಣ ನಿಜವಾಗಿ ಪೋಲಾಗುವುದು ಇದರ ನಂತರ. 1990ರ ದಶಕದ ಫೋರ್ಡ್‌ನ ಏಳೂವರೆ ಲೀಟರಿನ ಎಂಜಿನ್ 172 ಎಂದು ಹೇಳಿತೆನ್ನಿ. ಪಟ್ಟಿ ನೋಡಿದರೆ ‘ಆಮ್ಲಜನಕದ ಸೆನ್ಸರ್: ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು’ ಎಂದಿರುತ್ತದೆ. ಓದಿದವರು ಓಡಿಹೋಗಿ ಸೆನ್ಸರ್ ತರುತ್ತಾರೆ. ಹೊಸದು ಹಾಕಿದರೂ ಮರುದಿನ ಅದೇ 172. ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಆ ಎಂಜಿನ್ನಿನಲ್ಲಿ ಹೊಗೆಕೊಳವೆಯ ಮೂಲಭಾಗವನ್ನು ಬಿಗಿದ ಬೋಲ್ಟುಗಳು ಕಾದು ತಣಿದು ಮುರಿಯುವುದು ಹಳೆಯ ಕಾಯಿಲೆ. ಸಂದಿಯಿಂದ ಹೊರಗಿನ ಗಾಳಿ ಒಳನುಸುಳಿ ಸೆನ್ಸರನ್ನು ಮುಟ್ಟುತ್ತದೆ. ಗಾಳಿ ಹೆಚ್ಚೆಂದು ಅದು ವರದಿ ಮಾಡುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಮೊದಲೇ ಪೆಟ್ರೋಲು ಕುಡಿಯುವ ಬಂಡಿ, ಇನ್ನೂ ಕುಡಿಯುತ್ತದೆ. ಕೋಡ್ ಹೇಳುವುದು ಜ್ವರವಿದೆ ಎಂದು, ಯಾವ ಜ್ವರ ಎಂದಲ್ಲ. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಕಾದ ಮೇಲೆ ನಿಂತರೆ, ಕಿವಿಯೇ ಆ ಸಂದಿಯನ್ನು ಕಂಡುಹಿಡಿದಂತೆ.

ಆದಕಾರಣ ಎರಡನೆಯ ಪೀಳಿಗೆಯ ಬಂಡಿಗೆ ಕೊಳ್ಳುವವರು ಬರಿಯ ಸಂಖ್ಯೆ ತೋರಿಸುವ ರೀಡರಿಗಿಂತ ತುಸು ಹೆಚ್ಚು ಕೊಟ್ಟು, ಓಡುವ ಎಂಜಿನ್ನಿನ ಲೆಕ್ಕಗಳನ್ನು ಆಗಿಂದಾಗಲೇ ತೋರಿಸುವುದನ್ನು ಕೊಳ್ಳುವುದು ಲೇಸು. ಅದರಲ್ಲಿ ‘ಫ್ಯೂಯಲ್ ಟ್ರಿಮ್’ ಎಂಬ ಸಾಲೊಂದಿರುತ್ತದೆ. ತನ್ನ ಮೂಲ ಲೆಕ್ಕಕ್ಕಿಂತ ಕಂಪ್ಯೂಟರ್ ಶೇಕಡಾ ಎಷ್ಟು ಇಂಧನ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಎಂಜಿನ್ ಸುಮ್ಮನೆ ತಿರುಗುವಾಗ ಕೂಡಿಕೆ ಬಹಳವಿದ್ದು ವೇಗ ಹೆಚ್ಚಿಸಿದಾಗ ಇಳಿದರೆ ಬಿರುಕುಬಿಟ್ಟ ರಬ್ಬರ್ ಕೊಳವೆಯ ಮೇಲೆ ಗುಮಾನಿ. ವೇಗದೊಂದಿಗೆ ಏರಿದರೆ ಪೆಟ್ರೋಲ್ ಪಂಪು ಅಥವಾ ಫಿಲ್ಟರ್ ನೋಡಬೇಕು. ಈ ಪೀಳಿಗೆಯಲ್ಲಿ ದೀಪ ಸುಮ್ಮನೆ ಉರಿದರೆ ನಿಧಾನವಾಗಿ ಮುಂದಿನ ಊರು ಸೇರಬಹುದು. ಮಿಣುಕಿದರೆ ಉರಿಯದ ಪೆಟ್ರೋಲು ಹೊಗೆಶೋಧಕಕ್ಕೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ, ಆಗ ಬಂಡಿಯನ್ನು ಪಕ್ಕಕ್ಕೆ ನಿಲ್ಲಿಸಲೇಬೇಕು.

ರೀಡರಿನ ‘ಅಳಿಸು’ ಗುಂಡಿಯನ್ನು ಒತ್ತುವ ಮೊದಲು ಸಂಖ್ಯೆಗಳನ್ನೂ ಅದರ ಜೊತೆಗಿರುವ ವೇಗ, ಉಷ್ಣತೆಯ ದಾಖಲೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಅಗತ್ಯ. ಅಳಿಸಿದರೆ ಎರಡೂ ಹೋಗುತ್ತವೆ. ಸಿಕ್ಕಿಸಿದ ರೀಡರಿನಲ್ಲಿ ಬೆಳಕೇ ಬರದಿದ್ದರೆ ಅದನ್ನು ಅಂಗಡಿಗೆ ಹಿಂತಿರುಗಿಸುವ ಮುನ್ನ ಫ್ಯೂಸ್ ನೋಡಬೇಕು. ಸಾಕೆಟ್ಟಿನ ಹದಿನಾರನೆಯ ಪಿನ್ನಿಗೆ ಬ್ಯಾಟರಿಯಿಂದ ವಿದ್ಯುತ್ ಬರುತ್ತದೆ, ಹಲವು ಫೋರ್ಡ್‌ಗಳಲ್ಲಿ ಅದು ಸಿಗರೇಟು ಹೊತ್ತಿಸುವ ಲೈಟರಿನ ಫ್ಯೂಸಿನ ಮೂಲಕವೇ ಬರುತ್ತದೆ. ಆ ಲೈಟರಿನಿಂದ ಯಾರೋ ಫ್ಯಾನು ಓಡಿಸಲು ಹೋಗಿ ಫ್ಯೂಸ್ ಸುಟ್ಟುಕೊಂಡಿರುವುದು ಅಪರೂಪವಲ್ಲ.