ಬಸಿರಿನ ಹೊಸ್ತಿಲ ಕಾವಲು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಕಿಯಿಂದ ಮೈ ಸುಟ್ಟುಕೊಂಡವರ ಚಿಕಿತ್ಸೆಗೆ ನೆರವಾಗಲೆಂದು ಬ್ರಿಟನ್ನಿನ ಪ್ರಾಣಿವಿಜ್ಞಾನಿ ಪೀಟರ್ ಮೆಡವಾರ್ ಚರ್ಮದ ಕಸಿಯನ್ನು ಅಭ್ಯಾಸಮಾಡುತ್ತಿದ್ದರು. ಒಬ್ಬರ ಚರ್ಮವನ್ನು ಮತ್ತೊಬ್ಬರ ಗಾಯದ ಮೇಲೆ ಹಚ್ಚಿದರೆ ಅದು ಕೆಲವು ದಿನ ಅಂಟಿಕೊಂಡಂತೆ ಕಂಡು, ತರುವಾಯ ಒಣಗಿ ಉದುರಿಹೋಗುತ್ತಿತ್ತು. ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಹಚ್ಚಿದರಂತೂ ಇನ್ನೂ ಬೇಗನೆ ಉದುರುತ್ತಿತ್ತು. ಪರರದನ್ನು ಶರೀರ ಗುರುತಿಸುತ್ತದೆ, ನೆನಪಿನಲ್ಲಿಟ್ಟುಕೊಳ್ಳುತ್ತದೆ, ಹೊರಗೆ ಹಾಕುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. 1953ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಮೆಡವಾರ್ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಗರ್ಭದ ಶಿಶು ಅರ್ಧ ತಂದೆಯದು; ಆ ಅರ್ಧ ತಾಯಿಯ ಶರೀರಕ್ಕೆ ಪರಕೀಯ. ಗಂಡನ ಅಂಗೈಯಗಲ ಚರ್ಮವನ್ನೂ ಸಹಿಸದ ಹೆಂಡತಿಯ ದೇಹ, ಅವನ ಅಂಶವನ್ನುಳ್ಳ ಮಗುವನ್ನು ಒಂಬತ್ತು ತಿಂಗಳು ಹೇಗೆ ಹೊತ್ತು ಸಾಕುತ್ತದೆ?

ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ಪ್ರಶ್ನೆಗೆ ಪೂರ್ತಿ ಉತ್ತರ ಮಾತ್ರ ಬರಲಿಲ್ಲ. ಆದರೆ ಅದರ ಬೆನ್ನು ಹತ್ತಿದವರು ಹೆರಿಗೆಯ ಕೋಣೆಯ ಒಂದು ಹಳೆಯ ಶತ್ರುವಿನ ಬಳಿಗೆ ಬಂದು ನಿಂತರು.

ಆ ಶತ್ರುವಿನ ಹೆಸರು ಪ್ರೀ-ಎಕ್ಲಾಂಪ್ಸಿಯ. ಅದುವರೆಗೆ ಆರೋಗ್ಯವಾಗಿದ್ದ ಗರ್ಭಿಣಿಯ ರಕ್ತದೊತ್ತಡ 20 ವಾರಗಳ ತರುವಾಯ 140/90ನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ. ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುತ್ತದೆ, ಇಲ್ಲವೆ ಮೂತ್ರಪಿಂಡ, ಯಕೃತ್ತುಗಳು ಕೆಡಲಾರಂಭಿಸುತ್ತವೆ. ನೂರು ಬಸಿರುಗಳಲ್ಲಿ 2ರಿಂದ 8ರವರೆಗೆ ಹೀಗಾಗುವುದುಂಟು. ವಿಷಮಿಸಿದರೆ ಮೈ ಸೆಟೆದು ಸೆಳವು ಬರುತ್ತದೆ. ಅದೇ ಎಕ್ಲಾಂಪ್ಸಿಯ. ಮಿಂಚಿನಂತೆ ಹಠಾತ್ತನೆ ಎರಗುವುದರಿಂದ ಥಟ್ಟನೆ ಹೊಳೆಯುವುದೆಂಬ ಅರ್ಥದ ಗ್ರೀಕ್ ಪದವೇ ಅದಕ್ಕೆ ಹೆಸರಾಯಿತು. ರಕ್ತದಲ್ಲಿ ಯಾವುದೋ ವಿಷ ಹರಿಯುತ್ತಿದೆಯೆಂದು ನಂಬಿದ್ದ ಹಿಂದಿನ ವೈದ್ಯರು ಇದನ್ನು ಟಾಕ್ಸೀಮಿಯಾ, ಎಂದರೆ ಗರ್ಭನಂಜು, ಎಂದು ಕರೆದರು. ಎಷ್ಟು ಹುಡುಕಿದರೂ ವಿಷ ಸಿಕ್ಕಲಿಲ್ಲ, ಹೆಸರನ್ನೇ ಕೈಬಿಟ್ಟರು.

ರೋಗದ ಬೇರು ಮಾಸಿನಲ್ಲಿದೆ ಎಂಬುದರಲ್ಲಿ ಮಾತ್ರ ಬಹುಕಾಲದಿಂದ ಸಂದೇಹವಿಲ್ಲ. ಶಿಶುವೇ ಇಲ್ಲದೆ ಮಾಸೊಂದೇ ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಅಪರೂಪದ ಬಸಿರಿನಲ್ಲಿಯೂ ಈ ರೋಗ ಬರುತ್ತದೆ. ಮಾಸು ಹೊರಬಿದ್ದ ಮೇಲೆ ಸಾಮಾನ್ಯವಾಗಿ ರೋಗ ಇಳಿಯುತ್ತದೆ. ಹಾಗಾದರೆ ಮಾಸಿನಲ್ಲಿ ಕೆಡುವುದೇನು?

ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುರುಳಿಯಾದ ಸಣ್ಣ ಧಮನಿಗಳಿವೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಕಣಗಳು ತಾಯಿಯ ಮಾಂಸದೊಳಕ್ಕೆ ಇಳಿದು, ಈ ಧಮನಿಗಳ ಸ್ನಾಯುವಿನ ಗೋಡೆಯನ್ನು ಕರಗಿಸಿ, ಅವನ್ನು ಅಗಲಬಾಯಿಯ ಸಡಿಲ ಕಾಲುವೆಗಳನ್ನಾಗಿ ಮಾಡುತ್ತವೆ. ಆಮೇಲೆ ಅವು ಬೇಕೆಂದರೂ ಕುಗ್ಗಲಾರವು. ಶಿಶುವಿಗೆ ರಕ್ತ ನಿಧಾನವಾಗಿ, ಧಾರಾಳವಾಗಿ ಹರಿಯುತ್ತದೆ. ಬೇಗನೆ ಕಾಣಿಸಿಕೊಳ್ಳುವ ಉಗ್ರವಾದ ಪ್ರೀ-ಎಕ್ಲಾಂಪ್ಸಿಯದಲ್ಲಿ ಈ ಕೆಲಸ ಅರ್ಧಕ್ಕೇ ನಿಂತಿರುವುದು ಹೆಚ್ಚು. ಕಾಲುವೆ ಕಿರಿದಾಗಿಯೇ ಉಳಿದು, ಮಾಸು ಉಸಿರುಕಟ್ಟಿದಂತಾಗುತ್ತದೆ. ಏಳನೆಯ ತಿಂಗಳಲ್ಲಿ ಬಯಲಾಗುವ ಕಾಯಿಲೆಯ ಬೀಜ ಮೂರು ನಾಲ್ಕನೆಯ ತಿಂಗಳಲ್ಲೇ ಬಿದ್ದಿರುತ್ತದೆ.

ಮಾಸಿನ ಕಣಗಳು ಇಳಿಯುವ ಆ ಹೊಸ್ತಿಲಿನಲ್ಲಿ ತಾಯಿಯ ಕಾವಲುಪಡೆ ನೆರೆದಿರುತ್ತದೆ. ಎಳೆಬಸಿರಿನಲ್ಲಿ ಅಲ್ಲಿರುವ ಬಿಳಿಯ ರಕ್ತಕಣಗಳ ಪೈಕಿ ಸುಮಾರು ನೂರಕ್ಕೆ 70ರಷ್ಟು ಒಂದೇ ಜಾತಿಯವು. ಅವುಗಳ ಹೆಸರು ಭಯಂಕರ: ಸಹಜ ಘಾತಕ ಕಣಗಳು! ಸೋಂಕು ತಗುಲಿದ ಕಣಗಳನ್ನು ರಕ್ತದಲ್ಲಿ ಕೊಂದುಹಾಕುವ ಇವುಗಳ ದಾಯಾದಿಗಳಿಗೆ ಈ ಹೆಸರು ಒಪ್ಪುತ್ತದೆ. ಗರ್ಭಕೋಶದಲ್ಲಿ ಇವುಗಳ ವೃತ್ತಿಯೇ ಬೇರೆ. ಇವು ಮಾಸಿನ ಕಣಗಳನ್ನು ಕೊಲ್ಲುವುದಿಲ್ಲ. ರಾಸಾಯನಿಕ ಸಂಜ್ಞೆಗಳನ್ನು ಸ್ರವಿಸಿ ಧಮನಿಗಳನ್ನು ಸಡಿಲಿಸಲು ನೆರವಾಗುತ್ತವೆ. 1990ರ ದಶಕದ ಕೊನೆಯಲ್ಲಿ ಕೆನಡಾದ ಆನ್ ಕ್ರಾಯ್ ಮತ್ತು ಅವರ ಸಂಗಡಿಗರು ಈ ಕಣಗಳೇ ಇಲ್ಲದ ಇಲಿಗಳಲ್ಲಿ ಧಮನಿಗಳು ಸರಿಯಾಗಿ ಅಗಲವಾಗದಿದ್ದುದನ್ನು ಕಂಡರು.

ಇಲ್ಲಿಗೆ ಮೆಡವಾರ್ ಅವರ ಪ್ರಶ್ನೆ ತಿರುವು ಪಡೆಯಿತು. ತಾಯಿಯ ಕಾವಲು ಸುಮ್ಮನಿದ್ದರೆ ಸಾಲದು, ಎದ್ದು ಕೆಲಸಮಾಡಬೇಕು. 2004ರಲ್ಲಿ ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆಯಲ್ಲಿ ಇದರ ಸೂಕ್ಷ್ಮ ಕಾಣಿಸಿತು. ಮಾಸಿನ ಕಣಗಳ ಮೈಮೇಲೆ ಗುರುತಿನ ಮುದ್ರೆಯೊಂದಿರುತ್ತದೆ. ಅದು ಎರಡು ಬಗೆ. ಮಗುವಿಗೆ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಈ ಮುದ್ರೆಯನ್ನು ಓದುವ ಗ್ರಾಹಕಗಳು ತಾಯಿಯ ಘಾತಕ ಕಣಗಳಲ್ಲಿರುತ್ತವೆ. ಅವೂ ಹೆಂಗಸಿನಿಂದ ಹೆಂಗಸಿಗೆ ಭಿನ್ನ. ಕೆಲವು ಜೋಡಣೆಗಳಲ್ಲಿ ಮುದ್ರೆಯನ್ನು ಓದಿದೊಡನೆಯೆ ತಾಯಿಯ ಕಣಕ್ಕೆ "ಸುಮ್ಮನಿರು" ಎಂಬ ಆಜ್ಞೆ ಬಲವಾಗಿ ಸಿಗುತ್ತದೆ. ಕಣ ಸುಮ್ಮನಾಗುತ್ತದೆ, ಧಮನಿಯ ಕೆಲಸ ಹಿಂದುಳಿಯುತ್ತದೆ. ಅಂಥ ಜೋಡಣೆಯಿರುವ ಬಸಿರಿನಲ್ಲಿ ರೋಗದ ಸಂಭವ ಹೆಚ್ಚು. ತಾಯಿಯ ದೇಹ ಮಗುವಿನ ಮೇಲೆ ಬೀಳುವುದರಿಂದಲೇ ಈ ಕಾಯಿಲೆ ಎಂದು ಎಣಿಸಿದ್ದವರಿಗೆ ಇದು ಸೋಜಿಗದ ಮಾತು.

ಮನೆಮಂದಿ ಗಮನಿಸಬೇಕಾದ ಅಂಶವೊಂದು ಇದರಲ್ಲಿದೆ. ಸೊಸೆಗೆ ರಕ್ತದೊತ್ತಡ ಏರಿದರೆ ಅವಳು ಉಪ್ಪು ತಿಂದಳು, ಹಟಮಾರಿ, ಚಿಂತೆ ಹಚ್ಚಿಕೊಂಡಳು ಎಂದು ದೂರುವುದು ಕೆಲವು ಮನೆಗಳಲ್ಲಿ ರೂಢಿ. ಆ ಜೋಡಣೆಯ ಅರ್ಧವನ್ನು ತಂದುಕೊಟ್ಟವನು ಅವಳ ಗಂಡ. ಅವನೂ ಬೇಕೆಂದು ತಂದುದಲ್ಲ.

ಕೈಬಿಟ್ಟಿದ್ದ ನಂಜಿನ ಕಥೆ ಇಲ್ಲಿ ಮತ್ತೆ ಬರುತ್ತದೆ. 2003ರಲ್ಲಿ ಬೋಸ್ಟನ್ನಿನ ಅನಂತ್ ಕರುಮಂಚಿ ಮತ್ತು ಅವರ ಸಂಗಡಿಗರು ಉಸಿರುಕಟ್ಟಿದ ಮಾಸು ಒಂದು ಪ್ರೋಟೀನನ್ನು ತಾಯಿಯ ರಕ್ತಕ್ಕೆ ವಿಪರೀತವಾಗಿ ಬಿಡುತ್ತದೆಂದು ತೋರಿಸಿದರು. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ವಸ್ತುಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಹಳೆಯ ವೈದ್ಯರ ಊಹೆ ಪೂರ್ತಿ ಸುಳ್ಳಾಗಿರಲಿಲ್ಲ! ಇದಲ್ಲದೆ, ರಕ್ತನಾಳಗಳನ್ನು ಕುಗ್ಗಿಸುವ ಗುಂಡಿಯನ್ನೇ ಒತ್ತುವಂಥ ಪ್ರತಿಕಾಯಗಳು ಇಂಥ ಹೆಂಗಸರ ರಕ್ತದಲ್ಲಿರುವುದನ್ನು 1999ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ವರದಿಮಾಡಿದ್ದರು. 2008ರಲ್ಲಿ ಅಮೆರಿಕದಲ್ಲಿ ಆ ಪ್ರತಿಕಾಯಗಳನ್ನು ಬಸುರಿ ಇಲಿಗಳಿಗೆ ಚುಚ್ಚಿದಾಗ ಅವುಗಳ ರಕ್ತದೊತ್ತಡವೂ ಏರಿ, ಮೂತ್ರದಲ್ಲಿ ಪ್ರೋಟೀನು ಕಂಡಿತು.

ಇಷ್ಟೆಲ್ಲ ತಿಳಿದರೂ ಕಥೆ ಮುಗಿದಿಲ್ಲ. ಘಾತಕ ಕಣಗಳಿಲ್ಲದ ಇಲಿಗಳಲ್ಲಿ ಧಮನಿ ಕಿರಿದಾಗಿ ಉಳಿದರೂ ರಕ್ತದೊತ್ತಡ ಏರಲಿಲ್ಲವೆಂದು 2010ರಲ್ಲಿ ತಿಳಿದುಬಂದಿತು. ತಿಂಗಳು ತುಂಬುವ ಹೊತ್ತಿಗೆ ಬರುವ ರೋಗದಲ್ಲಿ ಎಷ್ಟೋ ಸಲ ಮಾಸು ಚೆನ್ನಾಗಿಯೇ ಇರುತ್ತದೆ. ಸಿದ್ಧಾಂತಗಳ ರೋಗ ಎಂಬ ಇದರ ಹಳೆಯ ಅಡ್ಡಹೆಸರು ಇನ್ನೂ ಸವೆದಿಲ್ಲ.

ಚೊಚ್ಚಲ ಬಸಿರಿನಲ್ಲಿ ಈ ಭಯ ಹೆಚ್ಚು. ಕನ್ನಡ ನಾಡಿನ ಮನೆಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತರುವುದು ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ. ಕಾಯಿಲೆ ತಲೆಯೆತ್ತುವ ಕಾಲವೂ ಅದೇ. ಊರು ಬದಲಾಗುತ್ತದೆ, ವೈದ್ಯರು ಬದಲಾಗುತ್ತಾರೆ. ಹಿಂದಿನ ತಿಂಗಳುಗಳ ಒತ್ತಡದ ಅಂಕಿಗಳನ್ನು ಬರೆದ ಚೀಟಿ ಗಂಡನ ಮನೆಯ ಬೀರುವಿನಲ್ಲಿ ಉಳಿದುಬಿಟ್ಟರೆ, ಹೊಸ ವೈದ್ಯರಿಗೆ ಯಾವುದು ಏರಿಕೆ, ಯಾವುದು ಮೊದಲಿನದು ಎಂದು ತಿಳಿಯುವುದು ಹೇಗೆ? ಸೀರೆ, ಬಳೆ, ಚಕ್ಕುಲಿ ಡಬ್ಬಗಳೊಂದಿಗೆ ಆ ಚೀಟಿಯೂ ಪ್ರಯಾಣಮಾಡಬೇಕು. ಬಸುರಿಯ ಪಾದ ಬಾಯುವುದು ಸಾಮಾನ್ಯವೆಂಬ ಹಿರಿಯರ ಮಾತು ಬಹುಮಟ್ಟಿಗೆ ನಿಜ. ಆದರೆ ಮುಖ, ಕೈಗಳು ಹಠಾತ್ತನೆ ಊದಿದರೆ, ತಲೆನೋವು ಬಿಡದೆ ಕಾಡಿದರೆ, ಕಣ್ಣು ಮಂಜಾದರೆ ಅಥವಾ ಮಿಣುಕು ಕಂಡರೆ, ಬಲಪಕ್ಕೆಲುಬಿನ ಕೆಳಗೆ ನೋವಾದರೆ, ಕಷಾಯ ಕಾಯಿಸುತ್ತ ಕೂರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾದ ಮೇಲೂ ಕೆಲವು ದಿನ ಸೆಳವಿನ ಭಯ ಇದ್ದೇ ಇರುತ್ತದೆ. ಬಾಣಂತಿಯ ಕೋಣೆಯ ಕತ್ತಲಲ್ಲಿ ತಲೆನೋವನ್ನು ಶೀತವೆಂದು ತಳ್ಳಿಹಾಕುವುದು ಅಪಾಯ.

ವೈದ್ಯರ ಕೈಯಲ್ಲಿ ಸಾಧನಗಳಿಲ್ಲದಿಲ್ಲ. ಸೆಳವಿಗೆ ಮೆಗ್ನೀಸಿಯಂ ಸಲ್ಫೇಟ್ ಇದೆ. 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಅಗ್ಗದ ಲವಣ ಸೆಳವಿನ ಸಂಭವವನ್ನು ಅರ್ಧಕ್ಕಿಂತಲೂ ಇಳಿಸಿತು. ಅಪಾಯವಿದ್ದವರಿಗೆ ಮೊದಲ ತಿಂಗಳುಗಳಿಂದಲೇ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ 2017ರ ಪರೀಕ್ಷೆಯಲ್ಲಿ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಪ್ರೀ-ಎಕ್ಲಾಂಪ್ಸಿಯ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಇದು ವೈದ್ಯರು ಕೊಡಬೇಕಾದ ಔಷಧ, ನೆರೆಮನೆಯವರು ಹೇಳಬೇಕಾದುದಲ್ಲ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವವರಿಗೆ ಅದರ ಮಾತ್ರೆಯೂ ಉಪಕಾರಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಬಸುರಿಯರಲ್ಲಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದಿನಕ್ಕೆ 500 ಮಿಲಿಗ್ರಾಂ ಕೊಟ್ಟರೂ 1500 ಕೊಟ್ಟಷ್ಟೇ ರಕ್ಷಣೆ ಸಿಕ್ಕಿತು.

ಎರಡನೆಯ ಬಸಿರಿನಲ್ಲಿ ಭಯ ಸಾಮಾನ್ಯವಾಗಿ ಕಡಿಮೆ. ಇದರಲ್ಲಿಯೂ ಕಾವಲುಪಡೆಯ ಪಾತ್ರವಿರುವಂತಿದೆ. ರಕ್ಷಣಾ ವ್ಯವಸ್ಥೆಯ ಆವೇಶವನ್ನು ಅಡಗಿಸುವ ನಿಯಂತ್ರಕ ಕಣಗಳೆಂಬ ಒಂದು ವರ್ಗವಿದೆ. ಇವುಗಳ ಸಂಶೋಧನೆಗಾಗಿ ಜಪಾನಿನ ಶಿಮೊನ್ ಸಕಾಗುಚಿ ಮತ್ತು ಅಮೆರಿಕದ ಇಬ್ಬರಿಗೆ 2025ರ ನೊಬೆಲ್ ಬಹುಮಾನ ಬಂದಿತು. ಒಂದು ಬಸಿರಿನಲ್ಲಿ ಕಂಡ ತಂದೆಯ ಗುರುತನ್ನು ಈ ಕಣಗಳು ಮುಂದಿನ ಬಸಿರಿಗೆ ನೆನಪಿಟ್ಟುಕೊಳ್ಳುವುದು 2012ರಲ್ಲಿ ಇಲಿಗಳಲ್ಲಿ ಕಂಡುಬಂದಿತು. ಎರಡು ಹೆರಿಗೆಗಳ ನಡುವೆ ವರುಷಗಳು ಕಳೆದಷ್ಟೂ ಎರಡನೆಯದರ ಅಪಾಯ ಏರುತ್ತದೆಂದು 2002ರ ನಾರ್ವೆಯ ಅಧ್ಯಯನ ತಿಳಿಸಿತು. ಮೊದಲ ಸಲ ರೋಗ ಬಂದವಳಿಗೆ ಮಾತ್ರ ಎರಡನೆಯ ಸಲವೂ ಉಳಿದವರಿಗಿಂತ ಅಪಾಯ ಹೆಚ್ಚು. ಅಂಥವಳು ಮುಟ್ಟು ನಿಂತ ತಿಂಗಳಲ್ಲೇ ವೈದ್ಯರ ಮುಂದೆ ಹಳೆಯ ಚೀಟಿಯನ್ನಿಡಬೇಕು. ಆಸ್ಪಿರಿನ್ನಿನಿಂದ ಹೆಚ್ಚಿನ ಫಲ ದೊರೆಯುವುದು 16 ವಾರದೊಳಗೆ ಆರಂಭಿಸಿದಾಗ.