ಅಳತೆಗೋಲೋ, ಕೈಮರವೋ?

ಕಿರಿಯರನ್ನು ಹಿರಿಯರೊಡನೆ ಹೋಲಿಸಿ ನೋಡುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ಹೊಸ ಗಾಯಕನೊಬ್ಬ ಕಛೇರಿಯಲ್ಲಿ ಹಾಡಲು ಕುಳಿತರೆ, ಸಭೆಯಲ್ಲಿರುವ ವೃದ್ಧರು ತಮ್ಮ ಕಾಲದ ವಿದ್ವಾಂಸರನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ತಮ್ಮನ ಅಂಕಪಟ್ಟಿಯನ್ನು ಅಣ್ಣನ ಅಂಕಪಟ್ಟಿಯ ಪಕ್ಕದಲ್ಲಿರಿಸಿ ನೋಡುವ ಮನೆಗಳೂ ಇಲ್ಲದಿಲ್ಲ. ಆಟದ ಅಂಗಳವಂತೂ ಇಂತಹ ಹೋಲಿಕೆಗಳ ತವರುಮನೆ. ಬೆಳೆಯುತ್ತಿರುವ ಆಟಗಾರನೊಬ್ಬ ಕಣ್ಣಿಗೆ ಬಿದ್ದೊಡನೆಯೇ ಜನರು ಕೇಳುವ ಮೊದಲ ಪ್ರಶ್ನೆ, 'ಇವನು ಹಿಂದಿನ ಆ ಮಹಾ ಆಟಗಾರನಿಗೆ ಸಮನೇ?' ಎಂಬುದು. ಈ ಪ್ರಶ್ನೆ ಎಷ್ಟರಮಟ್ಟಿಗೆ ನ್ಯಾಯವಾದುದು? ಬ್ಯಾಸ್ಕೆಟ್‌ಬಾಲ್ ಆಟದ ಇಬ್ಬರು ಶ್ರೇಷ್ಠರನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಬಹುದು.

ಬ್ಯಾಸ್ಕೆಟ್‌ಬಾಲ್ ತಂಡದ ಐವರು ಆಟಗಾರರಲ್ಲಿ 'ಸೆಂಟರ್' ಎನಿಸಿಕೊಳ್ಳುವವನು ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನು. ಬುಟ್ಟಿಯ ಸಮೀಪದಲ್ಲಿ ನಿಂತು ಚೆಂಡನ್ನು ಒಳಗೆ ಹಾಕುವುದು, ಗುರಿ ತಪ್ಪಿ ಪುಟಿದ ಚೆಂಡನ್ನು ವಶಪಡಿಸಿಕೊಳ್ಳುವುದು, ಎದುರಾಳಿಯ ಎಸೆತವನ್ನು ಗಾಳಿಯಲ್ಲಿಯೇ ತಡೆಯುವುದು ಅವನ ಮುಖ್ಯ ಕೆಲಸಗಳು. ಆದರೆ ಎತ್ತರವೊಂದೇ ಯಾರನ್ನೂ ಶ್ರೇಷ್ಠ ಆಟಗಾರನನ್ನಾಗಿ ಮಾಡಿಲ್ಲ. ಕಾಲುಗಳ ಚುರುಕು, ಕೈಗಳ ಹಿಡಿತ, ಮನಸ್ಸಿನ ಸ್ಥಿಮಿತ ಈ ಮೂರೂ ಕೂಡಿದಾಗಲೇ ಎತ್ತರಕ್ಕೆ ಬೆಲೆ ಬರುತ್ತದೆ.

ಈ ಮೂರೂ ಕೂಡಿದ್ದ ಆಟಗಾರರಲ್ಲಿ ಹಕೀಮ್ ಓಲಾಜುವಾನ್ ಅಗ್ರಗಣ್ಯರು. ಅವರು 1963ರಲ್ಲಿ ನೈಜೀರಿಯದ ಲಾಗೋಸ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರು ಆಡಿದ್ದು ಹ್ಯಾಂಡ್‌ಬಾಲ್ ಮತ್ತು ಕಾಲ್ಚೆಂಡು. ಕಾಲ್ಚೆಂಡಿನಲ್ಲಿ ಅವರು ಗೋಲ್‌ಕೀಪರ್ ಆಗಿದ್ದರು. ಹದಿನೈದು ವರ್ಷ ತುಂಬುವವರೆಗೂ ಅವರಿಗೆ ಬ್ಯಾಸ್ಕೆಟ್‌ಬಾಲ್ ಆಟದ ಪರಿಚಯವಿರಲಿಲ್ಲ. ಮುಂದೆ ಅಮೆರಿಕಕ್ಕೆ ಹೋಗಿ ಹ್ಯೂಸ್ಟನ್ ವಿಶ್ವವಿದ್ಯಾಲಯವನ್ನು ಸೇರಿದರು. ಬೇಸಿಗೆಯ ದಿನಗಳಲ್ಲಿ ಅಂದಿನ ಪ್ರಸಿದ್ಧ ಸೆಂಟರ್ ಮೋಸೆಸ್ ಮಲೋನ್ ಅವರೊಡನೆ ಸೆಣಸಿ ಆಟದ ಒಳಗುಟ್ಟುಗಳನ್ನು ಕಲಿತರು. 1984ರಲ್ಲಿ ಎನ್.ಬಿ.ಎ. ಎಂಬ ಅಮೆರಿಕದ ವೃತ್ತಿಪರ ಕೂಟದ ಹ್ಯೂಸ್ಟನ್ ರಾಕೆಟ್ಸ್ ತಂಡವು, ಆ ವರ್ಷದ ಹೊಸಬರಲ್ಲಿ ಎಲ್ಲರಿಗಿಂತ ಮೊದಲು ಅವರನ್ನೇ ಆರಿಸಿಕೊಂಡಿತು. ಹದಿನೆಂಟು ಋತುಗಳ ಕಾಲ, 1,238 ಪಂದ್ಯಗಳಲ್ಲಿ ಆಡಿ, 2002ರಲ್ಲಿ ಅವರು ನಿವೃತ್ತರಾದರು. ಅವರು ತಡೆದ ಎಸೆತಗಳ ಸಂಖ್ಯೆ 3,830. ಲೆಕ್ಕ ಇಡಲು ತೊಡಗಿದಂದಿನಿಂದ ಆ ಕೂಟದಲ್ಲಿ ಇಷ್ಟು ಎಸೆತಗಳನ್ನು ತಡೆದವರು ಮತ್ತೊಬ್ಬರಿಲ್ಲ.

ಎರಡನೆಯವರು ಜೋಯೆಲ್ ಎಂಬೀಡ್. ಅವರು 1994ರಲ್ಲಿ ಕ್ಯಾಮರೂನ್ ದೇಶದ ಯಾವುಂಡೆ ನಗರದಲ್ಲಿ ಜನಿಸಿದರು. ವಾಲಿಬಾಲ್ ಆಟಗಾರನಾಗಬೇಕೆಂಬುದು ಅವರ ಬಾಲ್ಯದ ಹಂಬಲವಾಗಿತ್ತು. ಅವರೂ ಬ್ಯಾಸ್ಕೆಟ್‌ಬಾಲ್ ಕಲಿಯಲಾರಂಭಿಸಿದ್ದು ಹದಿನೈದರ ಪ್ರಾಯದಲ್ಲಿ. ತರಬೇತುದಾರರೊಬ್ಬರು ಕೊಟ್ಟ ಓಲಾಜುವಾನರ ಆಟದ ದೃಶ್ಯಮುದ್ರಿಕೆಯನ್ನು ಅವರು ಮತ್ತೆ ಮತ್ತೆ ನೋಡಿದರು. ನೋಡಿದುದನ್ನು ಅಂಕಣದಲ್ಲಿ ಅಭ್ಯಾಸ ಮಾಡಿದರು. ದ್ರೋಣರ ಮಣ್ಣಿನ ಪ್ರತಿಮೆಯ ಮುಂದೆ ನಿಂತು ಬಿಲ್ವಿದ್ಯೆ ಕಲಿತ ಏಕಲವ್ಯನ ಕಥೆ ನಮಗೆಲ್ಲ ತಿಳಿದಿದೆ. ಎದುರಿಗಿಲ್ಲದ ಗುರುವಿನಿಂದ ಕಲಿಯುವ ಆ ನಿಷ್ಠೆಯನ್ನು ನಾವು ಇಲ್ಲಿಯೂ ಕಾಣುತ್ತೇವೆ. ಎಂಬೀಡ್ 2011ರಲ್ಲಿ ಅಮೆರಿಕಕ್ಕೆ ಹೋದರು. 2014ರಲ್ಲಿ ಫಿಲಡೆಲ್ಫಿಯ ಸೆವೆಂಟಿಸಿಕ್ಸರ್ಸ್ ತಂಡಕ್ಕೆ ಆಯ್ಕೆಯಾದರು.

ಆಯ್ಕೆಯಾದರೇನು? ಪಾದದ ಮೂಳೆಯ ಬಿರುಕಿನಿಂದಾಗಿ ಎರಡು ಬಾರಿ ಶಸ್ತ್ರಚಿಕಿತ್ಸೆ ನಡೆಯಿತು. ಎರಡು ಋತುಗಳು ಒಂದು ಪಂದ್ಯವನ್ನೂ ಆಡದೆಯೇ ಕಳೆದುಹೋದವು. ಅದೇ ಅವಧಿಯಲ್ಲಿ, 2014ರ ಅಕ್ಟೋಬರಿನಲ್ಲಿ, ಅವರ ತಮ್ಮ ತೀರಿಕೊಂಡನು. ದುಃಖವೂ ನೋವೂ ಒಟ್ಟಿಗೆ ಬಂದ ಆ ದಿನಗಳನ್ನು ದಾಟಿ, 2016ರಲ್ಲಿ ಅವರು ಅಂಕಣಕ್ಕೆ ಇಳಿದರು. ಮುಂದೆ 2021–22 ಮತ್ತು 2022–23ರ ಋತುಗಳಲ್ಲಿ ಪಂದ್ಯವೊಂದಕ್ಕೆ ಸರಾಸರಿ ಅತಿಹೆಚ್ಚು ಅಂಕಗಳನ್ನು ಗಳಿಸಿದವರು ಅವರೇ. 2023ರಲ್ಲಿ ವರ್ಷದ ಅತ್ಯುತ್ತಮ ಆಟಗಾರನೆಂಬ ಗೌರವ ಅವರಿಗೆ ಸಂದಿತು. 2024ರ ಜನವರಿಯಲ್ಲಿ ಒಂದೇ ಪಂದ್ಯದಲ್ಲಿ 70 ಅಂಕಗಳನ್ನು ಗಳಿಸಿದರು. ಹೀಗಿರುವಾಗ, 'ಇವರು ಎರಡನೆಯ ಓಲಾಜುವಾನರೇ?' ಎಂದು ಜನರು ಕೇಳಿದುದು ಸಹಜವೇ ಆಗಿದೆ.

ಸಾಮ್ಯ ಇದ್ದೇ ಇದೆ. ಓಲಾಜುವಾನರು ಒಂದು ಕಡೆಗೆ ಹೆಗಲನ್ನು ಬಾಗಿಸಿ, ಎದುರಾಳಿ ಆ ಕಡೆಗೆ ವಾಲಿದೊಡನೆ ಇನ್ನೊಂದು ಕಡೆಗೆ ಗಿರಕಿ ಹೊಡೆದು ಚೆಂಡನ್ನು ಎಸೆಯುತ್ತಿದ್ದರು. ಕಾಲ್ಚೆಂಡಿನ ಅಂಗಳದಲ್ಲಿ ಪಳಗಿದ ಕಾಲುಗಳಿಂದ ಹುಟ್ಟಿದ ಚಳಕವದು. ಏಳಡಿಯಷ್ಟು ಎತ್ತರದ ಎಂಬೀಡರ ಚಲನೆಯಲ್ಲಿಯೂ ಆ ನಯವನ್ನು ಕಾಣಬಹುದು. ಇನ್ನೊಂದು ಸಾಮ್ಯ ಅಷ್ಟಾಗಿ ಕಣ್ಣಿಗೆ ಬೀಳುವಂಥದಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಅದೇ ಮಹತ್ವದ್ದು. ಪ್ರಬಲನಾದ ಸೆಂಟರ್ ಆಟಗಾರನನ್ನು ತಡೆಯಲು ಇಬ್ಬರು ಎದುರಾಳಿಗಳು ಮುತ್ತುತ್ತಾರೆ. ಆಗ ತನ್ನ ತಂಡದ ಒಬ್ಬನಿಗೆ ಕಾವಲು ತಪ್ಪುತ್ತದೆ. ಅವನನ್ನು ಗುರುತಿಸಿ ಚೆಂಡನ್ನು ಅವನಿಗೆ ದಾಟಿಸಿದರೆ ಅಂಕ ಸುಲಭ. ಹೀಗೆ ಜೊತೆಗಾರನ ಅಂಕಕ್ಕೆ ನೆರವಾದುದರ ಸರಾಸರಿ ಓಲಾಜುವಾನರ ಮೊದಲ ಋತುವಿನಲ್ಲಿ ಪಂದ್ಯಕ್ಕೆ 1.4 ಇದ್ದದ್ದು, 1993–94ರಲ್ಲಿ 3.6ಕ್ಕೆ ಏರಿತು. ಎಂಬೀಡರದು 2016–17ರಲ್ಲಿ 2.1 ಇದ್ದದ್ದು 2023–24ರಲ್ಲಿ 5.6 ಆಯಿತು. ತಾನೇ ಎಸೆಯಬೇಕೆಂಬ ಆಸೆಯನ್ನು ಬಿಟ್ಟು, ಜೊತೆಗಾರನನ್ನು ನಂಬಲು ಇಬ್ಬರೂ ಕಲಿತರು. ಬೆಳವಣಿಗೆ ಎಂದರೆ ಇದು.

ಆದರೆ ಸಾಮ್ಯವನ್ನು ಹೇಳುವಾಗ ಅಂತರವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 1994ರಲ್ಲಿ ಓಲಾಜುವಾನರು ಒಂದೇ ಋತುವಿನಲ್ಲಿ ವರ್ಷದ ಅತ್ಯುತ್ತಮ ಆಟಗಾರ, ಅತ್ಯುತ್ತಮ ರಕ್ಷಣಾ ಆಟಗಾರ, ಅಂತಿಮ ಸರಣಿಯ ಅತ್ಯುತ್ತಮ ಆಟಗಾರ ಎಂಬ ಮೂರು ಗೌರವಗಳನ್ನೂ ಪಡೆದರು. ಆ ಸರಣಿಯಲ್ಲಿ ನ್ಯೂಯಾರ್ಕ್ ತಂಡವು ಮೂರು ಪಂದ್ಯಗಳನ್ನು ಗೆದ್ದು, ಇನ್ನೊಂದನ್ನು ಗೆದ್ದರೆ ಪ್ರಶಸ್ತಿ ತನ್ನದೆಂಬ ಸ್ಥಿತಿಯಲ್ಲಿತ್ತು. ಆರನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಹ್ಯೂಸ್ಟನ್ ತಂಡವು ಕೇವಲ ಎರಡು ಅಂಕಗಳಿಂದ ಮುಂದಿದ್ದಾಗ, ನ್ಯೂಯಾರ್ಕಿನ ಜಾನ್ ಸ್ಟಾರ್ಕ್ಸ್ ಮೂರು ಅಂಕಗಳ ಎಸೆತಕ್ಕೆ ಕೈಯೆತ್ತಿದರು. ಓಲಾಜುವಾನರು ಮುನ್ನುಗ್ಗಿ ಬೆರಳತುದಿಯಿಂದ ಚೆಂಡನ್ನು ತಡೆದರು. ಏಳನೆಯ ಪಂದ್ಯವನ್ನೂ ಗೆದ್ದು ಅವರ ತಂಡವು ಪ್ರಶಸ್ತಿಯನ್ನು ಪಡೆಯಿತು. 1995ರಲ್ಲಿ ಅದನ್ನು ಉಳಿಸಿಕೊಂಡಿತು. ಎಂಬೀಡರ ತಂಡವಾದರೋ 2025ರವರೆಗಿನ ಋತುಗಳಲ್ಲಿ ನಿರ್ಣಾಯಕ ಘಟ್ಟದ ಎರಡನೆಯ ಸುತ್ತನ್ನೂ ದಾಟಿರಲಿಲ್ಲ. ಆಯ್ಕೆಯಾದ ಬಳಿಕ ಕಳೆದ ಆ ಹನ್ನೊಂದು ಋತುಗಳಲ್ಲಿ ಅವರು ಆಡಿದ ಪಂದ್ಯಗಳು 452 ಮಾತ್ರ. ಅಂಕಗಳ ಗಳಿಕೆಯಲ್ಲಿ ಕಿರಿಯರು ಮುಂದಿರಬಹುದು. ರಕ್ಷಣೆಯಲ್ಲಿ, ಬಾಳಿಕೆಯಲ್ಲಿ, ಗೆಲುವಿನಲ್ಲಿ ಹಿರಿಯರದೇ ಮೇಲುಗೈ ಎಂಬುದನ್ನು ಒಪ್ಪಲೇಬೇಕು.

ಹಾಗಾದರೆ ತೀರ್ಪು ಮುಗಿಯಿತೇ? ಇಲ್ಲ. ಏಕೆಂದರೆ ನಾವು ಬಳಸುವ ಅಳತೆಗೋಲು ಎಲ್ಲ ಕಾಲಕ್ಕೂ ಒಂದೇ ಆಗಿರುವುದಿಲ್ಲ. 2001ರವರೆಗೆ ಎನ್.ಬಿ.ಎ. ಪಂದ್ಯಗಳಲ್ಲಿ, ತಾನು ಕಾಯಬೇಕಾದ ಎದುರಾಳಿಯನ್ನು ಬಿಟ್ಟು ಬರಿಯ ಜಾಗವನ್ನು ಕಾಯುತ್ತ ನಿಲ್ಲುವುದು ನಿಯಮಬಾಹಿರವಾಗಿತ್ತು. ಇಂದು ಹಾಗಿಲ್ಲ. ಓಲಾಜುವಾನರ ಕಾಲದ ಸೆಂಟರ್ ಆಟಗಾರನು ಬುಟ್ಟಿಯ ಬಳಿಯಲ್ಲಿಯೇ ಇರುತ್ತಿದ್ದನು. ಇಂದಿನವನು ದೂರದಿಂದ ಮೂರು ಅಂಕಗಳ ಎಸೆತವನ್ನೂ ಬಲ್ಲವನಾಗಿರಬೇಕು. ಇನ್ನೂ ಹಿಂದಕ್ಕೆ ಹೋದರೆ ತೊಡಕು ಮತ್ತಷ್ಟು ಹೆಚ್ಚುತ್ತದೆ. ಬಿಲ್ ರಸೆಲ್ ಅವರು 1957ರಿಂದ 1969ರವರೆಗೆ ತಮ್ಮ ತಂಡಕ್ಕೆ ಹನ್ನೊಂದು ಪ್ರಶಸ್ತಿಗಳನ್ನು ಗೆದ್ದುಕೊಟ್ಟ ಮಹಾ ರಕ್ಷಕರು. ಆದರೆ ತಡೆದ ಎಸೆತಗಳ ಲೆಕ್ಕವನ್ನು ಆ ಕೂಟದಲ್ಲಿ ಬರೆದಿಡತೊಡಗಿದ್ದು 1973ರಲ್ಲಿ. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದಿನ ಜಾಗ ಖಾಲಿ! ಅಂಕಿಗಳು ಸುಳ್ಳಾಡುವುದಿಲ್ಲ, ನಿಜ; ಆದರೆ ಅವು ಎಲ್ಲವನ್ನೂ ಆಡುವುದಿಲ್ಲ.

ಎರಡನೆಯದಾಗಿ, ನಾವು ಹಿರಿಯರನ್ನು ನೋಡುವುದು ಅವರ ಪಯಣ ಮುಗಿದ ಮೇಲೆ. ಕಿರಿಯರನ್ನು ನೋಡುವುದು ನಡುದಾರಿಯಲ್ಲಿ. 1988ರಿಂದ 1991ರವರೆಗೆ ನಾಲ್ಕು ವರ್ಷ ಸತತವಾಗಿ ಓಲಾಜುವಾನರ ತಂಡವು ನಿರ್ಣಾಯಕ ಘಟ್ಟದ ಮೊದಲ ಸುತ್ತಿನಲ್ಲಿಯೇ ಸೋತಿತು. 1992ರಲ್ಲಿ ಆ ಘಟ್ಟವನ್ನೇ ತಲುಪಲಿಲ್ಲ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಅಂದು ಯಾರಾದರೂ ಅಳತೆಗೋಲನ್ನು ಹಿಡಿದು ನಿಂತಿದ್ದರೆ, ಅವರನ್ನು 'ಪ್ರತಿಭೆಯುಂಟು, ಫಲವಿಲ್ಲ' ಎಂದು ತಳ್ಳಿಹಾಕಬಹುದಾಗಿತ್ತು. ಎರಡೇ ವರ್ಷಗಳಲ್ಲಿ ಆ ಮಾತು ಹುಸಿಯಾಗುತ್ತಿತ್ತು. ಮರಕ್ಕೆ ಹೂ ಬಿಡುವ ಕಾಲದಲ್ಲಿ ಹಣ್ಣಿನ ತೂಕವನ್ನು ಹೇಳಲು ಹೊರಡುವುದು ಅವಿವೇಕ.

ಮೂರನೆಯದು ಮಾನವೀಯತೆಗೆ ಸಂಬಂಧಿಸಿದುದು. ಗಾಯಗೊಂಡ ಆಟಗಾರನನ್ನು ನಾವು ಸೋಮಾರಿಯೆಂಬಂತೆ ಕಾಣುತ್ತೇವೆ. ದೇಹದ ಬಾಳಿಕೆ ಸಾಧನೆಯ ಒಂದು ಭಾಗವೇ ಸರಿ. ಆದರೆ ಅದು ಪೂರ್ತಿಯಾಗಿ ಯಾರ ಕೈಯಲ್ಲಿಯೂ ಇಲ್ಲ. ಮೂಳೆ ಮುರಿದುದನ್ನು ಚಾರಿತ್ರ್ಯದ ದೋಷವೆಂದು ಎಣಿಸುವ ಹೋಲಿಕೆ ಕ್ರೂರವಾದುದು.

ಆದುದರಿಂದ ಹೋಲಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಹೋಲಿಕೆ ಇಲ್ಲದಿದ್ದರೆ ಎಂಬೀಡ್ ಎಂಬ ಆಟಗಾರನೇ ರೂಪುಗೊಳ್ಳುತ್ತಿರಲಿಲ್ಲ. ಯಾವುಂಡೆಯ ಆ ಹುಡುಗ ಓಲಾಜುವಾನರ ಆಟವನ್ನು ನೋಡಿ ತನ್ನನ್ನು ಅವರೊಡನೆ ಹೋಲಿಸಿಕೊಂಡನು. ಆದರೆ ಅವನು ಕೇಳಿಕೊಂಡ ಪ್ರಶ್ನೆ, 'ನಾನು ಇವರಿಗೆ ಸಮನೇ?' ಎಂಬುದಾಗಿರಲಾರದು, 'ಇವರು ಇದನ್ನು ಮಾಡುವ ಬಗೆ ಯಾವುದು?' ಎಂಬುದಾಗಿದ್ದಿರಬೇಕು. ಮೊದಲ ಪ್ರಶ್ನೆ ಹಿರಿಯರನ್ನು ಅಳತೆಗೋಲಾಗಿ ಮಾಡುತ್ತದೆ. ಎರಡನೆಯದು ಅವರನ್ನು ಕೈಮರವಾಗಿ ಮಾಡುತ್ತದೆ. ಕೂಡುರಸ್ತೆಯಲ್ಲಿ ನಿಂತ ಕೈಮರ ದಾರಿಗನ ಎತ್ತರವನ್ನು ಅಳೆಯುವುದಿಲ್ಲ. ಊರಿಗೆ ಹೋಗುವ ದಾರಿಯನ್ನು ತೋರಿಸುತ್ತದೆ. ಓಲಾಜುವಾನರೂ ನಿವೃತ್ತಿಯ ನಂತರ ಅದೇ ಕೆಲಸವನ್ನು ಕೈಗೊಂಡರು. 2011ರಲ್ಲಿ ಲೆಬ್ರಾನ್ ಜೇಮ್ಸ್ ಅವರಿಗೆ, 2025ರಲ್ಲಿ ಫ್ರಾನ್ಸಿನ ಯುವ ಸೆಂಟರ್ ವಿಕ್ಟರ್ ವೆಂಬನ್ಯಾಮಾ ಅವರಿಗೆ ತಮ್ಮ ಹೆಜ್ಜೆಗಾರಿಕೆಯನ್ನು ಹೇಳಿಕೊಟ್ಟರು.

ವಿದ್ಯಾರ್ಥಿಗಳ ಬಾಳಿನಲ್ಲಿಯೂ ಅಣ್ಣ, ಅಕ್ಕ, ನೆರೆಮನೆಯ ಜಾಣ, ತರಗತಿಯ ಮೊದಲಿಗ ಎಂದು ಅಳತೆಗೋಲುಗಳು ಬೇಕಾದಷ್ಟು ಸಿಗುತ್ತವೆ. ಅವರೊಡನೆ ನಮ್ಮನ್ನು ಯಾರಾದರೂ ಹೋಲಿಸಿದಾಗ ಕುಗ್ಗಬೇಕಾಗಿಲ್ಲ, ಮುನಿಯಬೇಕಾಗಿಯೂ ಇಲ್ಲ. ಅವರಿಂದ ಕಲಿಯಬೇಕಾದುದು ಏನೆಂದು ನೋಡೋಣ. ಅಳೆಯಲೇಬೇಕೆಂದಿದ್ದರೆ ನಿನ್ನೆಯ ನಮ್ಮೊಡನೆ ಇಂದಿನ ನಮ್ಮನ್ನು ಅಳೆದುಕೊಳ್ಳೋಣ. ಬ್ಯಾಸ್ಕೆಟ್‌ಬಾಲ್ ಎಂದರೇನೆಂದು ಅರಿಯದೆ ಹದಿನೈದು ವರ್ಷ ಕಳೆದ ಇಬ್ಬರು ಬಾಲಕರು ಜಗತ್ತಿನ ಶ್ರೇಷ್ಠ ಆಟಗಾರರಾದದ್ದು ಈ ಬಗೆಯ ಅಳತೆಯಿಂದಲೇ.