ಸಹ್ಯವೆಂಬ ಮಾತಿನ ಅಳತೆ

‘ಬೇರಬಲ್’, ‘ಟಾಲರಬಲ್’, ‘ಪರ್ಮಿಸಿಬಲ್’ ಎಂಬ ಮೂರು ಇಂಗ್ಲಿಷ್ ಪದಗಳಿಗೂ ‘ಸಹ್ಯ’ವೆಂಬ ಒಂದೇ ಅರ್ಥ ಬರೆಸಿ ಪಾಠ ಮುಗಿಸುವುದು ಸಲ್ಲದು. ಮೊದಲನೆಯದು ಹೊರುವುದೆಂಬ ಅರ್ಥದ ಕ್ರಿಯಾಪದದಿಂದ ಬಂದುದು. ಹೊರುವವನ ಹೆಗಲೇ ಅದಕ್ಕೆ ಅಳತೆ. ಎರಡನೆಯದು ಒಲ್ಲದಿದ್ದರೂ ಸೈರಿಸಿಕೊಳ್ಳಬಹುದಾದುದು. ಮೂರನೆಯದಾದರೋ ಅನುಮತಿಯ ಮಾತು. ಅದರ ಅಳತೆ ಇರುವುದು ಕಾಗದದ ಮೇಲೆ.

ಉಕ್ಕಿನ ಕಾರ್ಖಾನೆಯ, ಅದಿರು ಸಾಗಣೆಯ ಊರಾದ ತೋರಣಗಲ್ಲಿನ ಮಕ್ಕಳಿಗೆ ಈ ಭೇದವು ಕೇವಲ ವ್ಯಾಕರಣದ್ದಲ್ಲ. ಗಾಳಿಯಲ್ಲಿನ ಸೂಕ್ಷ್ಮ ಧೂಳಿಗೆ (ಪಿಎಂ 10) 2009ರ ಭಾರತೀಯ ಮಾನದಂಡವು ಘನಮೀಟರಿಗೆ ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ ಮಿತಿಯನ್ನಿಟ್ಟರೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 15ನ್ನು ಮೀರಬಾರದೆಂದು ಸೂಚಿಸಿತು. ಧೂಳು ಒಂದೇ, ಮಿತಿ ಎರಡು. ಅನುಮತಿಸಿದ್ದೆಲ್ಲವೂ ಎದೆಗೆ ಸಹ್ಯವಲ್ಲವೆಂದು ತಿಳಿದ ವಿದ್ಯಾರ್ಥಿಯೇ ‘ಸಹ್ಯ, ಯಾರಿಗೆ?’ ಎಂದು ಕೇಳಬಲ್ಲನು. ಆ ಪ್ರಶ್ನೆಯನ್ನು ಕಲಿಸುವುದರಲ್ಲಿಯೇ ಭಾಷಾಶಿಕ್ಷಣದ ಸಾರ್ಥಕತೆಯಿದೆ.